ಗಂಟು ಬಿಚ್ಚಿದ ಮರುದಿನ

ಬೇವೂರಿನ ನಮ್ಮ ಓಣಿಯ ಹೆಂಗಸರು ಜೋಳ ಬೀಸಲು ಕಳಿಸುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಾರೆ. ಆ ಜೋಳ ಕೊಪ್ಪಳದಲ್ಲಿ ಇದ್ದುಕೊಂಡು ಓದುವ ಹುಡುಗಿಯರದು. ನಮ್ಮೂರಿನವರು, ತಳಕಲ್ಲಿನವರು, ಕುಷ್ಟಗಿ ಕಡೆಯ ಹಳ್ಳಿಯವರು ಎಲ್ಲ ಸೇರಿ ಒಂದೇ ಮನೆಯಲ್ಲಿ ಇರುತ್ತಾರೆ. ಆ ಮನೆಯ ಬಾಡಿಗೆಯನ್ನು ಗಿಣಿಗೇರಾದ ಕಾರ್ಖಾನೆಗೆ ದುಡಿಯಲು ಹೋಗುವ ಗಂಡಸರು ಕೂಡಿ ಕಟ್ಟುತ್ತಾರೆ. ಅಕ್ಕಿ ಗಂಗಾವತಿ ಕಡೆಯಿಂದ ಬರುತ್ತದೆ, ಅವರಿಗೆ ಕಾಲುವೆ ನೀರಿದೆ. ನಮ್ಮದು ಒಣಭೂಮಿ. ನಾವು ರೊಟ್ಟಿ ಕಳಿಸುತ್ತೇವೆ.

ನನ್ನ ಪಾಲಿನ ಕೆಲಸ ಮನೆಮನೆಗೆ ಹೋಗಿ ಗಡಿಗೆ ಬರಿದು ಮಾಡಿಸಿ ಚೀಲ ತುಂಬಿಸಿಕೊಂಡು ಬರುವುದು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ಬೇರೆ ಕೆಲಸಕ್ಕೆ ಬರುವುದಿಲ್ಲ. ಬಾಯಿ ಜೋರಿದೆ ಎಂದು ಇದನ್ನು ಕೊಟ್ಟರು. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಜೋಳ ಹಸನು ಮಾಡುತ್ತಾಳೆ. ಗಿರಣಿಯವನು ದುಡ್ಡು ತೆಗೆದುಕೊಳ್ಳದೆ ಬೀಸಿಕೊಡುತ್ತಾನೆ. ನಮ್ಮ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂತು ರೊಟ್ಟಿ ಬಡಿಯುತ್ತಾರೆ. ಬುಟ್ಟಿಗಳನ್ನು ಕೊಪ್ಪಳಕ್ಕೆ ಮುಟ್ಟಿಸುವವನು ಕಾಯಿಪಲ್ಲೆ ಮಾರುವ ಸಾಬ. ದಿನಾ ನಸುಕಿನಲ್ಲಿ ಅವನ ಟಂಟಂ ಗಾಡಿ ಅಲ್ಲಿಯ ಪೇಟೆಗೆ ಖಾಲಿ ಹೋಗುತ್ತದೆ, ಕಾಯಿಪಲ್ಲೆ ತುಂಬಿಕೊಂಡು ಬರುತ್ತದೆ. ಅವನ ಮಗಳೂ ಅದೇ ಮನೆಯಲ್ಲಿದ್ದು ಹತ್ತನೇ ತರಗತಿ ಓದುತ್ತಿದ್ದಳು.

ಚೀಲದಲ್ಲಿ ಒಮ್ಮೊಮ್ಮೆ ಅರಿವೆಯ ಗಂಟು ಬರುತ್ತದೆ. ಅದು ಹರಕೆ ಗಂಟು. ಏನಾದರೂ ಬೇಡಿಕೊಂಡವರು ಚೂರು ಕಾಳು, ಚಿಟಿಕೆ ಭಂಡಾರವನ್ನೋ ವಿಭೂತಿಯನ್ನೋ ಕಟ್ಟಿ ಜೋಳದೊಳಗೆ ಇಟ್ಟಿರುತ್ತಾರೆ. ದರ್ಗಾದ ಊದಿನ ಬೂದಿ ಕಟ್ಟುವವರೂ ಇದ್ದಾರೆ. ಇದು ಯಾರದು ಎಂದು ಕೇಳಬಾರದು. ಹಸನು ಮಾಡುವವರು ಬಿಚ್ಚಿ ಕಾಳಿನಲ್ಲಿ ಬೆರೆಸಿಬಿಡಬೇಕು. ಓದುವ ಮಕ್ಕಳ ಹೊಟ್ಟೆಗೆ ಹೋದರೆ ಹರಕೆ ಮುಟ್ಟಿದಂತೆ.

ಹೋದ ವರ್ಷ ಪರೀಕ್ಷೆ ನಡೆಯುತ್ತಿದ್ದ ದಿನಗಳು. ನಾನು ಅಂಗಳ ಬಳಿದು ಕೂತಿದ್ದೆ. ಹಿಂದಿನ ದಿನವೇ ರೊಟ್ಟಿ ಬಡಿದಾಗಿತ್ತು, ನಸುಕಿನಲ್ಲಿ ಬುಟ್ಟಿ ಹೋಗಿಯೂ ಆಗಿತ್ತು. ಆಚೆ ಮನೆಯ ಸೊಸೆ ಬಂದು ಬಾಗಿಲ ಬಳಿ ನಿಂತಳು. ಮದುವೆಯಾಗಿ ವರ್ಷವೂ ಆಗಿರದ ಹುಡುಗಿ.

"ಆಯಿ, ನಿಮ್ಮ ಚೀಲದಾಗ ಒಂದು ಬಿಳಿ ಅರಿವಿ ಗಂಟು ಬಂದಿತ್ತೇನ್ರಿ?"

"ಬಂದಿರಬೇಕು. ಯಾಕ? ಹರಕಿ ವಾಪಸ್ ಬೇಕೇನು?"

"ಹರಕಿ ಅಲ್ರಿ." ಅವಳ ದನಿ ಇಳಿಯಿತು. "ಗುಳಿಗೀರಿ. ಜೋಳದಾಗ ಹುಳ ಆಗಬಾರದಂತ ಇಡ್ತಾರಲ್ರಿ, ಅವು. ಮನ್ನಿ ಇಟ್ಟಿದ್ದೆ. ಇವತ್ತು ಹುಡುಕಿದ್ರ ಗಂಟಽ ಇಲ್ಲ. ನಿಮಗ ಜೋಳ ತೋಡಿ ಹಾಕಿದಾಗ ಅದೂ ಬಂದಿರಬೇಕ್ರಿ. ನಮ್ಮತ್ತಿಗೆ ಹೇಳಬ್ಯಾಡ್ರಿ."

ಆ ಗುಳಿಗೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದರ ಗಾಳಿಗೇ ಹುಳ ಸಾಯುತ್ತದೆ, ವಿಷ ಹಾರಿಹೋದ ಮೇಲೆ ಗುಳಿಗೆ ಬೂದಿಯಾಗಿ ಉಳಿಯುತ್ತದೆ. ಅದು ಹೊಟ್ಟೆಗೆ ಹೋದವರು ದವಾಖಾನೆಯಿಂದ ನಡೆದುಕೊಂಡು ಬಂದದ್ದನ್ನು ನಾನು ನೋಡಿಲ್ಲ.

ಎದ್ದು ನೆಗೆಣ್ಣಿಯ ಮನೆಗೆ ಹೋದೆ, ಅದು ಪಕ್ಕದ್ದೇ. ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದಳು.

"ನಿನ್ನೆ ಗಂಟು ಬಿಚ್ಚಿದ್ಯಲ್ಲ, ಅದರಾಗ ಏನಿತ್ತು?"

"ವಿಭೂತಿ ಇತ್ತಕ್ಕಾ. ಯಾರೋ ಪುಣ್ಯಾತ್ಗಿತ್ತಿ ಭಾಳ ಹಾಕಿದ್ಲು."

"ಯಾ ಬಣ್ಣ?"

"ಬೂದಿ ಬಣ್ಣ. ವಿಭೂತಿ ಇನ್ನ್ಯಾ ಬಣ್ಣ ಇರತೈತಿ? ನಡುವ ಒಂದು ಗಟ್ಟಿ ಉಂಡಿ ಇತ್ತು, ಹಿಸುಕಿ ಪುಡಿ ಮಾಡಿ ಹಾಕಿದೆ."

"ವಾಸನಿ ಬರಲಿಲ್ಲೇನು ನಿನಗ?"

"ಬಂತು. ಬಳ್ಳೊಳ್ಳಿ ವಾಸನಿ. ನೀವೆಲ್ಲಾ ಅಲ್ಲೇ ಶೇಂಗಾ ಚಟ್ನಿ ಕುಟ್ಟಾಕತ್ತಿದ್ರಲ್ಲ."

ಕುಟ್ಟುತ್ತಿದ್ದುದು ನಿಜ. ಬುಟ್ಟಿಯ ಜೊತೆ ಕಳಿಸುವ ಚಟ್ನಿಗೆ ಬೆಳ್ಳುಳ್ಳಿ ಹಾಕಿ ನಾನೇ ಕುಟ್ಟಿದ್ದೆ. ಆ ಗುಳಿಗೆಯ ವಾಸನೆಯೂ ಬೆಳ್ಳುಳ್ಳಿಯದೇ.

ವಿಷಯ ಹೇಳಿದೆ. ಅವಳ ಕೈಯಿಂದ ಅರಿವೆ ಜಾರಿತು. ಹಣೆ ಮುಟ್ಟಿಕೊಂಡಳು. ನಿನ್ನೆ ಅದನ್ನೇ ಹಣೆಗೆ ಬಳಿದುಕೊಂಡಿದ್ದಳು.

"ಅಕ್ಕಾ, ಒಂದು ಚೂರು ನಾಲಿಗಿಗೂ ಹಚ್ಚಿಕೊಂಡೀನಿ. ಪ್ರಸಾದಂತ."

ನಾನು ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದೆ. ಕಣ್ಣು ನೆಟ್ಟಗಿದ್ದವು. ಉಸಿರು ನೆಟ್ಟಗಿತ್ತು. ಇದು ನಿನ್ನೆ ಬೆಳಗಿನ ಮಾತು.

"ಇನ್ನೂ ಸತ್ತಿಲ್ಲ ನೀ," ಅಂದೆ. ಅದು ಬೈಗುಳವಾಗಿರಲಿಲ್ಲ. ನನಗೆ ಇದ್ದ ಧೈರ್ಯ ಅದೊಂದೇ. ಆದರೆ ಅವಳು ನೆಕ್ಕಿದ್ದು ಬೂದಿ. ಇನ್ನೂ ಬೂದಿಯಾಗದ ಗಟ್ಟಿ ಉಂಡೆ ಹೋದದ್ದು ಹಿಟ್ಟಿಗೆ.

ಕೊಪ್ಪಳದ ಮನೆಯಲ್ಲಿ ಹುಡುಗಿಯರನ್ನು ನೋಡಿಕೊಳ್ಳುವ ಹೆಂಗಸಿಗೆ ಫೋನು ಹಚ್ಚಿದೆ. ಗಂಟೆ ಬಾರಿಸಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಬಂದ್ ಆಗಿದೆ ಎಂದಿತು. ಪರೀಕ್ಷೆಯ ದಿನ ಆಕೆ ಹುಡುಗಿಯರ ಜೊತೆ ಸಾಲೆಗೆ ಹೋಗುತ್ತಾಳೆ, ಅಲ್ಲಿ ಫೋನು ಇಟ್ಟುಕೊಳ್ಳಲು ಬಿಡುವುದಿಲ್ಲ. ಅಡುಗೆ ಮಾಡುವವಳ ಬಳಿ ಫೋನೇ ಇಲ್ಲ. ಮಧ್ಯಾಹ್ನ ಹುಡುಗಿಯರು ಬಂದು ಊಟಕ್ಕೆ ಕೂತರೆ ಮುಂದೆ ನಮ್ಮ ಬುಟ್ಟಿ ಇರುತ್ತದೆ.

ಅಷ್ಟರಲ್ಲಿ ಟಂಟಂ ಸದ್ದು ಕೇಳಿತು. ಸಾಬ ಕಾಯಿಪಲ್ಲೆ ತಂದು ಚಾವಡಿಯ ಮುಂದೆ ಇಳಿಸುತ್ತಿದ್ದ. ಅವನು ನನ್ನನ್ನು ದೊಡ್ಡವ್ವ ಎನ್ನುತ್ತಾನೆ, ನೆಗೆಣ್ಣಿಯನ್ನು ಚಿಗವ್ವ ಎನ್ನುತ್ತಾನೆ. ಅವನ ತಾಯಿ ನನ್ನ ಜೊತೆ ಕಳೆ ತೆಗೆಯಲು ಬರುತ್ತಿದ್ದವಳು.

"ತಮ್ಮಾ, ಇಳಿಸೂದು ಬಿಡು. ಕೊಪ್ಪಳಕ್ಕ ಹೊಡಿ."

"ಈಗ ಬಂದೀನಲ್ಲ ದೊಡ್ಡವ್ವ?"

"ಚಿಗವ್ವಗ ಹೊಟ್ಟಿ ಭಾಳ ನೋಯಾಕತ್ತೈತಿ. ದೊಡ್ಡ ದವಾಖಾನಿಗೆ ತೋರಿಸಬೇಕು."

ಸುಳ್ಳು. ಅವನ ಮಗಳೂ ಅಲ್ಲೇ ಇರುವಾಗ ನಿಜ ಹೇಳಿದರೆ ಅವನು ಗಾಡಿ ನೆಟ್ಟಗೆ ಹೊಡೆಯುವುದಿಲ್ಲ ಎಂದುಕೊಂಡೆ. ಮಧ್ಯಾಹ್ನದೊಳಗೆ ಮುಟ್ಟಿ ಬುಟ್ಟಿ ತೆಗೆದುಬಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ, ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಇಳಿಸಿದ ಬದನೆಕಾಯಿ ಹಾಗೇ ಬಿಟ್ಟು ಅವನು ಹತ್ತಿದ. ನಾನು ಅವನ ಪಕ್ಕ ಕೂತೆ, ನೆಗೆಣ್ಣಿ ನನ್ನ ಪಕ್ಕ ಒತ್ತಿಕೊಂಡು ಕೂತಳು. ಊರು ದಾಟಿತು. ಅವನಿಗೆ ಸುಮ್ಮನಿರಲು ಬರುವುದಿಲ್ಲ.

"ಚಿಗವ್ವ, ಏನ್ ತಿಂದಿದ್ದಿ ನಿನ್ನೆ?"

ನೆಗೆಣ್ಣಿ ನನ್ನ ತೊಡೆ ಚಿವುಟಿದಳು.

"ಕಂಡಿದ್ದು ತಿಂತಾಳ ಅಕಿ," ಅಂದೆ.

ಅವನು ನಕ್ಕ. "ನಮ್ಮ ಹುಡುಗೀನೂ ಹಂಗಽ ನೋಡು ದೊಡ್ಡವ್ವ. ಇವತ್ತು ಗಣಿತದ ಪೇಪರ್. ಅಂಜಿಕೊಂಡು ಏನೂ ತಿನ್ನವಲ್ಲಂತ. ಅಡಿಗಿಯಾಕಿ ಉಪ್ಪಿಟ್ಟು ಕೊಟ್ರ ಒಲ್ಲೆ ಅಂದ್ಳಂತ. ನಾ ಬುಟ್ಟಿ ಇಳಿಸಾಕ ಹೋದೆ, ಊರ ರೊಟ್ಟಿ ನೋಡಿದ ಕೂಡ್ಲೇ ಕೈ ಹಾಕಿದ್ಳು. ಚಟ್ನಿ ಹಚ್ಚಿ ನಾನಽ ಕೊಟ್ಟೆ. ನಿಂತಲ್ಲೇ ಒಂದು ಪೂರಾ ತಿಂದ್ಳು. ಇನ್ನರ್ಧ ಕೊಡು ಅಬ್ಬಾ ಅಂದ್ಳು."

ರಸ್ತೆ ಮುಂದೆ ಬರುತ್ತಿತ್ತು, ಕಾಣುತ್ತಿರಲಿಲ್ಲ. ನಾನು ಎಲ್ಲರಿಗೂ ಮುಖದ ಮೇಲೆ ಹೊಡೆದಂತೆ ಮಾತಾಡುವವಳು. ಬೀಗರಿಗೂ ಹೇಳಿದ್ದೇನೆ, ಬ್ಯಾಂಕಿನವನಿಗೂ ಹೇಳಿದ್ದೇನೆ. ಇವನಿಗೆ ಒಂದು ಮಾತು ಹೇಳಲು ನಾಲಿಗೆ ಏಳಲಿಲ್ಲ.

ನೆಗೆಣ್ಣಿ ಹೊರಗೆ ಕುತ್ತಿಗೆ ಹಾಕಿ ವಾಂತಿ ಮಾಡಿಕೊಂಡಳು.

ಅವಳು ಗಾಡಿ ಹತ್ತಿದಾಗಲೆಲ್ಲ ವಾಂತಿ ಮಾಡಿಕೊಳ್ಳುತ್ತಾಳೆ. ಮಗಳ ಮದುವೆಗೆ ಹೋಗುವಾಗಲೂ ಮಾಡಿಕೊಂಡವಳು. ಅದು ನನಗೆ ಗೊತ್ತಿತ್ತು. ಆದರೂ ಅವಳ ಬೆನ್ನು ಹಿಡಿದುಕೊಂಡೆ. ಇದು ಗಾಡಿಯದೋ, ಗುಳಿಗೆಯದೋ?

ಸಾಬ ಗಾಡಿ ನಿಲ್ಲಿಸಿ ನೀರಿನ ಬಾಟಲಿ ಕೊಟ್ಟ. ಬಾಯಿ ಮುಕ್ಕಳಿಸಿ ಅವಳು ಅವನ ಮುಖ ನೋಡಿದಳು, ಅಳಲು ಶುರು ಮಾಡಿದಳು.

"ತಮ್ಮಾ, ನಾ ತಪ್ಪು ಮಾಡೀನಿ. ವಿಭೂತಿ ಅಂದ್ಕೊಂಡು ಗುಳಿಗಿ ಹಾಕೀನಿ ಹಿಟ್ಟಿನ್ಯಾಗ."

ಅವನಿಗೆ ತಿಳಿಯಲಿಲ್ಲ. ನಾನು ತಿಳಿಸಿದೆ. ಗಂಟು, ಗುಳಿಗೆ, ಗಿರಣಿ, ರೊಟ್ಟಿ, ಎಲ್ಲ. ಅವನು ಬಾಟಲಿಯ ಮುಚ್ಚಳ ಹಾಕಲು ನೋಡಿದ, ಅದು ಕೂರಲಿಲ್ಲ, ಬಾಟಲಿಯನ್ನೇ ಒಗೆದ. ಗಾಡಿ ಹತ್ತಿದ. ಅಲ್ಲಿಂದ ಕೊಪ್ಪಳದವರೆಗೆ ಅವನು ಬಾಯಿ ಬಿಡಲಿಲ್ಲ. ಬೈದಿದ್ದರೆ ನನಗೆ ಉಸಿರಾಡಲು ಬರುತ್ತಿತ್ತು. ಹಿಂದೆ ಉಳಿದ ಕಾಯಿಪಲ್ಲೆ ಕುಣಿಯುವುದು ಕೇಳುತ್ತಿತ್ತು.

ಮೊದಲು ಹುಡುಗಿಯರ ಮನೆಗೆ ಹೋದೆವು, ಅದು ದಾರಿಯಲ್ಲೇ ಇದೆ. ಬುಟ್ಟಿಗಳು ಅಡುಗೆ ಮನೆಯ ಮೂಲೆಯಲ್ಲಿದ್ದವು, ಮೇಲೆ ಬಿಳಿ ಪಂಚೆ ಮುಚ್ಚಿತ್ತು. ಅಡುಗೆಯವಳು ನನ್ನನ್ನು ನೋಡಿ ನಕ್ಕಳು.

"ಬರ್ರಿ ಆಯಿ, ಕುಂದರ್ರಿ."

"ಯಾರ್‍ಯಾರು ತಿಂದಾರ ಈ ರೊಟ್ಟಿ?"

"ಎಲ್ಲರೂ ಉಪ್ಪಿಟ್ಟು ತಿಂದ್ರು. ಇವರ ಮಗಳು ಒಬ್ಬಾಕಿ ತಿಂದ್ಳು."

ಸಾಬ ಗೋಡೆ ಹಿಡಿದ. ಬೇರೆ ಯಾರೂ ತಿಂದಿಲ್ಲ ಎಂದು ಕೇಳಿ ಉಸಿರು ಬಿಡುತ್ತಿದ್ದವಳು ನಾನು ಅವನ ಕೈ ನೋಡಿ ಸುಮ್ಮನಾದೆ. ಉಳಿದ ತಾಯಂದಿರೆಲ್ಲ ಬದುಕಿಕೊಂಡರು. ಇವನೊಬ್ಬ ಸಿಕ್ಕಿಕೊಂಡ. "ಯಾರಿಗೂ ಮುಟ್ಟಿಸಬ್ಯಾಡ, ನಾಯಿಗೂ ಹಾಕಬ್ಯಾಡ," ಎಂದು ಅಡುಗೆಯವಳಿಗೆ ಹೇಳಿ ಬುಟ್ಟಿಗಳನ್ನು ಹೊರಗೆ ಇಡಿಸಿದೆ.

ಪರೀಕ್ಷೆ ನಡೆಯುವ ಸಾಲೆಯ ಗೇಟಿನಲ್ಲಿ ಪೊಲೀಸಿದ್ದ. ಒಳಗೆ ಗಾಳಿ ಸದ್ದೂ ಇರಲಿಲ್ಲ. ಅಷ್ಟು ಮಕ್ಕಳು ಕೂತ ಸಾಲೆ ಅಷ್ಟು ಸುಮ್ಮನಿರುವುದನ್ನು ನಾನು ನೋಡಿರಲಿಲ್ಲ. ಆ ಸುಮ್ಮನಿರುವುದಕ್ಕೇ ಅಂಜಿಕೆ ಬಂತು. ಒಳಗೆ ಹುಡುಗಿ ಬೆಂಚಿನ ಮೇಲೆ ತಲೆ ಇಟ್ಟು ಮಲಗಿದ್ದರೆ ಯಾರು ನೋಡುತ್ತಾರೆ? ನಿದ್ದೆ ಎಂದುಕೊಳ್ಳುತ್ತಾರೆ.

"ಬಿಡಂಗಿಲ್ರಿ," ಅಂದ ಪೊಲೀಸು.

"ನಿನ್ನ ಮಗಳಾಗಿದ್ರ?" ಅಂದೆ.

"ಯವ್ವಾ, ಕಾನೂನ್ರಿ."

"ಕಾನೂನು ನೀ ಇಟ್ಕೊ. ಒಳಗಿನ ದೊಡ್ಡ ಮಾಸ್ತರನ್ನ ಕರಿ. ವಿಷದ ಮಾತೈತಿ."

ವಿಷ ಎಂದ ಮೇಲೆ ಓಡಿದ. ಮಾಸ್ತರು ಬಂದರು, ಕನ್ನಡಕ ಹಣೆಗೇರಿಸಿಕೊಂಡು ಎಲ್ಲ ಕೇಳಿದರು. ಒಳ್ಳೆಯ ಮನುಷ್ಯ. ಒಳಗೆ ಹೋಗಿ ಹುಡುಗಿಯನ್ನು ನೋಡಿಕೊಂಡು ಬಂದರು.

"ಆರಾಮ ಬರೀತಿದ್ದಾಳೆ. ಭಾಳ ಚೆನ್ನಾಗಿ ಬರೀತಿದ್ದಾಳೆ. ಆದ್ರೆ ಒಂದು ಮಾತು ಕೇಳ್ರಿ. ನೀವು ಹೊರಗೆ ಕರ್ಕೊಂಡು ಹೋದ್ರೆ ಮತ್ತೆ ಒಳಗೆ ಕೂರಿಸೋಕೆ ನನಗೆ ಬರಲ್ಲ. ಪೇಪರ್ ಹೋದ ಹಾಗೆ. ಏನು ಮಾಡ್ಲಿ ಹೇಳ್ರಿ."

ಸಾಬ ನನ್ನ ಕಡೆ ತಿರುಗಿದ. ನಿಜ ಕೇಳಿದ ಮೇಲೆ ಅವನು ಆಡಿದ ಮೊದಲ ಮಾತು ಅದು.

"ದೊಡ್ಡವ್ವ, ನೀ ಹೇಳು."

ಅವನ ಮನೆಯಲ್ಲಿ ಹತ್ತನೆಯವರೆಗೆ ಬಂದವಳು ಅವಳೊಬ್ಬಳೇ. ಸಣ್ಣಾಕಿಯಿದ್ದಾಗಿನಿಂದ ಗಾಡಿಯಲ್ಲಿ ಕೂತು ತಕ್ಕಡಿ ಹಿಡಿದು ಲೆಕ್ಕ ಹೇಳುತ್ತಿದ್ದ ಹುಡುಗಿ. ಗಣಿತವೇ ಅವಳ ಜೀವ. ಬರೆಯಲು ಬಿಟ್ಟು, ಬರೆದು ಮುಗಿಸುವುದರೊಳಗೆ ಏನಾದರೂ ಆದರೆ? ಕರೆದು, ಏನೂ ಆಗದೇ ಇದ್ದರೆ? ನನ್ನ ಪಕ್ಕದಲ್ಲಿ ನೆಗೆಣ್ಣಿ ನಿಂತಿದ್ದಳು, ಉಸಿರಾಡುತ್ತಿದ್ದಳು. ಅವಳ ಮುಖ ನೋಡಿದರೆ ಬಿಡು ಬರೆಯಲಿ ಎನ್ನಿಸಿತು. ಪುಡಿ ಮಾಡಿದ ಆ ಉಂಡೆ ನೆನಪಾದರೆ ಈಗಲೇ ಎಳೆದುಕೊಂಡು ಹೋಗು ಎನ್ನಿಸಿತು.

"ಕರಿ," ಅಂದೆ. "ಪರೀಕ್ಷಿ ಇನ್ನೊಮ್ಮೆ ಬರತೈತಿ."

ಹುಡುಗಿ ಹೊರಗೆ ಬಂದಳು. ಕೈಯಲ್ಲಿ ಪೆನ್ನು ಹಾಗೇ ಇತ್ತು. ನಮ್ಮ ಮೂವರನ್ನೂ ನೋಡಿ ಬಿಳಿಚಿದಳು.

"ಅಬ್ಬಾ, ಅಮ್ಮೀಗೆ ಏನಾತು?" ಅಪ್ಪನನ್ನು ಕೇಳಿದಳು.

"ಅಮ್ಮಿ ಆರಾಮ ಅದಾಳ," ಅಂದ ಸಾಬ. "ನಡಿ, ಗಾಡಿ ಹತ್ತು. ಹೊಟ್ಟಿ ನೋಯ್ತದೇನು? ತಲಿ ಸುತ್ತತದೇನು?"

"ಇಲ್ಲ. ಯಾಕ? ಇನ್ನಾ ಎರಡು ದೊಡ್ಡ ಲೆಕ್ಕ ಉಳದಾವ ಅಬ್ಬಾ! ಬರ್ತಿದ್ವು ನನಗ!"

ಗಾಡಿಯಲ್ಲಿ ನಾನು ಹೇಳಿದೆ. ಅವಳು ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ದವಾಖಾನೆ ಬರುವವರೆಗೆ ಕೈ ತೆಗೆಯಲಿಲ್ಲ. ಅಲ್ಲಿಯವರೆಗೆ ಆರಾಮ ಇದ್ದ ಹುಡುಗಿಗೆ ನಾನೇ ಅಂಜಿಕೆ ತುಂಬಿದೆ.

ಡಾಕ್ಟರು ಸಣ್ಣ ವಯಸ್ಸಿನವನು. ಗುಳಿಗೆಯ ಹೆಸರು ಕೇಳಿದ ಕೂಡಲೇ ಎದ್ದು ನಿಂತ. ನಾಡಿ ನೋಡಿದ, ರಕ್ತ ತೆಗೆಸಿದ, ಎದೆಗೆ ವೈರು ಹಚ್ಚಿದ. ನೆಗೆಣ್ಣಿಯನ್ನೂ ಪಕ್ಕದ ಮಂಚಕ್ಕೆ ಮಲಗಿಸಿದರು.

"ಇದಕ್ಕ ಔಷಧ ಕೊಡ್ರಿ ಸಾಹೇಬ್ರ," ಅಂದ ಸಾಬ.

"ಇದಕ್ಕೆ ಅಂತ ಬೇರೆ ಔಷಧ ಇಲ್ಲಪ್ಪ. ನೋಡ್ತಾ ಇರಬೇಕು. ಏನಾದ್ರೂ ಕಂಡ್ರೆ ಅದಕ್ಕೆ ಕೊಡ್ತೀವಿ."

"ಬೀಸಿ, ಬೇಯಿಸಿ, ಹಂಚಿನ ಮ್ಯಾಲ ಸುಟ್ಟೀವಲ್ರಿ," ಅಂದೆ. "ವಿಷ ಹೋಗಿರತೈತಲ್ರಿ?"

"ಹೋಗಿರಬಹುದು ಅಜ್ಜಿ. ಖಾತ್ರಿ ಹೇಳೋಕೆ ಆಗಲ್ಲ."

ಖಾತ್ರಿ ಯಾರೂ ಹೇಳಲಿಲ್ಲ. ನಾನು ಎರಡು ಮಂಚದ ನಡುವೆ ಸ್ಟೂಲಿನ ಮೇಲೆ ಕೂತೆ. ಹುಡುಗಿಯ ಎದೆ ಏರುವುದನ್ನು ನೋಡುವುದು, ಈ ಕಡೆ ತಿರುಗಿ ನೆಗೆಣ್ಣಿಯ ಎದೆ ನೋಡುವುದು. ಅವಳು ಆಕಳಿಸಿದರೂ ನನ್ನ ಜೀವ ಹೋಗುತ್ತಿತ್ತು.

"ಏನ್ ಹಂಗ ನೋಡ್ತೀ ಅಕ್ಕಾ? ನಾ ಸತ್ರ ನಿನಗ ಬಗಲ ಮನಿ ಸಿಗತೈತಂತ ಲೆಕ್ಕ ಹಾಕಾಕತ್ತೀಯೇನು?"

"ಸೋರೋ ಮನಿ ತೊಗೊಂಡು ಏನ್ ಮಾಡ್ಲಿ? ಸುಮ್ನ ಉಸರಾಡು."

ಹುಡುಗಿ ನಕ್ಕಳು. ಅವಳು ನಕ್ಕಾಗ ಸಾಬ ಹೊರಗೆ ಎದ್ದು ಹೋದ. ಬಹಳ ಹೊತ್ತು ಬರಲಿಲ್ಲ.

ಹೊರಗೆ ಬಿಸಿಲು ಇಳಿಯಿತು. ಡಾಕ್ಟರು ಮತ್ತೆ ಬಂದು ನೋಡಿದ, ಎಲ್ಲ ಸರಿ ಇದೆ ಎಂದ. ಆದರೂ ಮರುದಿನದವರೆಗೆ ಬಿಡಲಿಲ್ಲ. ಹುಡುಗಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಎಂದುಕೊಂಡೆ. ನಿದ್ದೆಯಲ್ಲ.

"ಆಯಿ, ನೀವು ಒಂದು ತಾಸು ತಡ ಮಾಡಿ ಬಂದಿದ್ರ ಎಲ್ಲಾ ಬರದು ಮುಗಸ್ತಿದ್ದೆ."

"ಹೌದು."

"ನನಗೇನೂ ಆಗ್ತಿರಲಿಲ್ಲ."

"ಅದು ಇವತ್ತು ಸಂಜಿಗೆ ಗೊತ್ತಾಗೇತಿ. ಬೆಳಿಗ್ಗೆ ಗೊತ್ತಿರಲಿಲ್ಲ."

ನಾನು ಸಮಾಧಾನ ಹೇಳಲಿಲ್ಲ. ಹೋದ ಪೇಪರು ನನ್ನ ಸಮಾಧಾನಕ್ಕೆ ವಾಪಸ್ಸು ಬರುತ್ತದೆಯೇ?

ಬುಟ್ಟಿಯ ರೊಟ್ಟಿಯನ್ನು ಮರುದಿನ ಆ ಮನೆಯ ಹಿಂದೆ ತಗ್ಗು ತೋಡಿ ಮುಚ್ಚಿದೆವು. ನೆಗೆಣ್ಣಿ ಮಣ್ಣು ಎಳೆಯಲು ಒಲ್ಲೆ ಎಂದಳು. ಅನ್ನ ಹೂಳಿದರೆ ಪಾಪ ಎಂದು ನಿಂತುಬಿಟ್ಟಳು. ನಾನು ಎಳೆದೆ. ಅದರಲ್ಲಿ ವಿಷ ಇತ್ತೋ ಇಲ್ಲವೋ ಇವತ್ತಿಗೂ ತಿಳಿಯದು. ಯಾರೂ ಪರೀಕ್ಷೆ ಮಾಡಿಸಲಿಲ್ಲ.

ಊರಲ್ಲಿ ಸುದ್ದಿ ನಿಲ್ಲಲಿಲ್ಲ. ಆಚೆ ಮನೆಯ ಅತ್ತೆ ಸೊಸೆಯನ್ನು ಬಾಯಿಗೆ ಬಂದಂತೆ ಅಂದಳು. ನಾನು ಹೋಗಿ, "ಅಕಿ ಬಂದು ಹೇಳಿದ್ಲು. ನೀನಾಗಿದ್ರ ಹೇಳ್ತಿದ್ದಿಲ್ಲ," ಎಂದು ಬಾಯಿ ಮುಚ್ಚಿಸಿ ಬಂದೆ. ಓಣಿಯ ಹೆಂಗಸರನ್ನು ಕರೆದು ಇನ್ನು ಮುಂದೆ ಚೀಲದಲ್ಲಿ ಗಂಟು ಬೇಡ ಎಂದೆ.

"ದೇವರ ಗಂಟು ಬ್ಯಾಡ ಅಂತೀಯಲ್ಲ, ನಿನಗೇನು ತಲಿ ಕೆಟ್ಟೈತೇನು?" ಅಂದಳು ಒಬ್ಬಳು.

"ದೇವರಿಗೆ ಬಾಯಿಲೆ ಬೇಡ್ಕೊ. ಕಿವಿ ಅದಾವ ಅವಗ."

ಕೆಲವರು ಹಿಡಿಜೋಳ ನಿಲ್ಲಿಸಿದರು. ಕೊಟ್ಟು ಯಾಕೆ ಮೈಮೇಲೆ ಹಾಕಿಕೊಳ್ಳಬೇಕು ಎಂದರು. ಅವರ ಮಾತು ತಪ್ಪು ಎನ್ನಲು ನನಗೆ ಬರಲಿಲ್ಲ. ನನಗೂ ಚೀಲಕ್ಕೆ ಕೈ ಹಾಕುವಾಗ ಬೆರಳು ಮುಂದೆ ಹೋಗುತ್ತಿರಲಿಲ್ಲ. ಆದರೂ ಹೋದೆ. ಬಿಟ್ಟರೆ ಆ ಹುಡುಗಿಯರು ಮೂರು ಹೊತ್ತೂ ಅನ್ನ ತಿಂದು ಕೂರಬೇಕು, ಹೆತ್ತವರು ಎಷ್ಟು ದಿನ ಅಲ್ಲಿ ಇರಿಸುತ್ತಾರೆ?

ಸಾಬನ ಮಗಳು ಎರಡನೇ ಸಲದ ಪರೀಕ್ಷೆಗೆ ಹೆಸರು ಹಚ್ಚಿದಳು. ಅಲ್ಲಿಯವರೆಗೆ ಊರಲ್ಲೇ ಇದ್ದಳು. ಗಿರಣಿಯವನ ಸೊಸೆ ಕಾಲೇಜು ಓದಿದವಳು, ದಿನಾ ಸಂಜೆ ಅವಳಿಗೆ ಲೆಕ್ಕ ಬಿಡಿಸಲು ಕೂರಿಸಿಕೊಳ್ಳುತ್ತಿದ್ದಳು. ನಾನು ಅವರ ಮನೆ ಕಡೆ ಸುಳಿಯಲಿಲ್ಲ. ಮುಖ ತೋರಿಸಲು ಅಂಜಿಕೆ.

ಪರೀಕ್ಷೆಯ ದಿನ ನಸುಕಿಗೆ ಟಂಟಂ ನಮ್ಮ ಬಾಗಿಲಿಗೆ ಬಂತು. ರೊಟ್ಟಿ ಬುಟ್ಟಿ ಒಯ್ಯಲು ಎಂದುಕೊಂಡೆ. ಮುಂದೆ ಹುಡುಗಿ ಕೂತಿದ್ದಳು.

"ಆಯಿ, ಮನ್ಯಾಗ ಏನೂ ತಿನ್ನಾಕ ಆಗವಲ್ದು. ಒಂದು ರೊಟ್ಟಿ ಕೊಡ್ರಿ."

ನನ್ನ ಕೈ ಬುಟ್ಟಿಯ ಮೇಲೆ ನಿಂತಿತು. ಆ ಜೋಳವನ್ನು ನಾನೇ ಬಿಸಿಲಲ್ಲಿ ಹರವಿ ಕಾಳುಕಾಳು ನೋಡಿ ಹಸನು ಮಾಡಿದ್ದೆ. ನೆಗೆಣ್ಣಿಯೂ ಕೂತು ಮತ್ತೊಮ್ಮೆ ನೋಡಿದ್ದಳು. ಆದರೂ ಕೈ ನಿಂತಿತು. ಅವಳ ಅಪ್ಪ ಮುಂದೆ ರಸ್ತೆ ನೋಡುತ್ತಾ ಕೂತಿದ್ದ, ಬೇಡ ಎನ್ನಲಿಲ್ಲ.

ಕೊಟ್ಟೆ. ಅವಳು ಮುರಿದಳು. ಮೂಗಿನ ಬಳಿ ಹಿಡಿದು ವಾಸನೆ ನೋಡಿದಳು. ನಾನು ಸಿಟ್ಟಾಗಲಿಲ್ಲ, ನಾನಾಗಿದ್ದರೂ ನೋಡುತ್ತಿದ್ದೆ. ಆಮೇಲೆ ಬಾಯಿಗೆ ಹಾಕಿಕೊಂಡಳು. ಗಾಡಿ ಹೋಯಿತು.

ಆ ದಿನ ಒಲೆ ಹಚ್ಚಲಿಲ್ಲ. ಸಂಜೆ ಅವಳು ಇಳಿದು, "ಎಲ್ಲಾ ಲೆಕ್ಕ ಬಂದಿದ್ವು ಆಯಿ," ಎಂದು ಕೂಗಿಕೊಂಡು ಮನೆಗೆ ಓಡುವವರೆಗೆ ಕಟ್ಟೆಯ ಮೇಲೆ ಕೂತು ರಸ್ತೆ ನೋಡಿದೆ.